ಕಾವಲಿನವನ ನಿದ್ದೆ

ಸಮುದ್ರದ ತಳದಲ್ಲಿರುವ ಇಂಟರ್ನೆಟ್ ಕೇಬಲ್ ಕಾಯುವುದು ತನ್ನ ಗಂಡನ ಕೆಲಸ ಎಂದು ಭಾಗ್ಯಜ್ಯೋತಿ ಹೇಳಿದರೆ ಮಣ್ಣೂರಿನ ಹೆಂಗಸರು ನಗುತ್ತಿದ್ದರು. “ನೀರಾಗಿನ ವಾಯರ್ ಯಾರು ಕದೀತಾರ ಬೇ?” ಕದಿಯುವುದಲ್ಲ, ಕಾವಲು ದೋಣಿಯಲ್ಲಿ ಕೂತು, ಅದರ ಮೇಲೆ ಯಾರೂ ಲಂಗರು ಇಳಿಸದಂತೆ ನೋಡಿಕೊಳ್ಳುವುದು ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಕೇಬಲ್ ಹರಿದು, ಗಂಡ ಕಲ್ಲಿನಾಥನನ್ನು ವಿಚಾರಣೆಗೆಂದು ಹಿಡಿದಿಟ್ಟುಕೊಂಡ ಮೇಲೆ ನಗುವವರೂ ಮನೆಗೆ ಬರುವುದನ್ನು ಬಿಟ್ಟರು. ಅವನ ಫೋನೂ ಪೊಲೀಸರ ಬಳಿಯೇ ಇತ್ತು.

ಹಾಗಾಗಿ ಊರಿಗೆ ಬಂದ ತನಿಖಾಧಿಕಾರಿ ಹೆಂಗಸೆಂದು ಕಂಡಾಗ ಭಾಗ್ಯಜ್ಯೋತಿಯ ಎದೆ ಹಗುರಾಯಿತು. ಅತ್ತೆ ಶರಣಬಸಮ್ಮ ಮಂಡಕ್ಕಿ ಸುಸಲಾ ಮಾಡಲು ಒಳಗೆ ಹೋದಳು. ಅಧಿಕಾರಿ ಮೊಬೈಲನ್ನು ಚಾಪೆಯ ಮೇಲಿಟ್ಟಳು.

“ರೆಕಾರ್ಡ್ ಆಗ್ತಿದೆ. ಪರವಾಗಿಲ್ವಾ?”

“ಆಗ್ಲಿರಿ. ಮುಚ್ಚಿಡೂದೇನೈತಿ.”

ಮದುವೆಯಾಗಿ ಬಂದ ಮೇಲೆ ಅವಳ ಮಾತನ್ನು ಯಾರೂ ಹೀಗೆ ಎದುರು ಕೂತು ಕೇಳಿರಲಿಲ್ಲ.

“ನಿಮ್ಮ ಮನೆಯವರಿಗೆ ಕೂತಲ್ಲೇ ನಿದ್ದೆ ಹೋಗೋ ಅಭ್ಯಾಸ ಇದೆಯಾ?”

ಶರಣಬಸಮ್ಮ ಒಳಗಿಂದಲೇ ಸಿಡಿದಳು. “ನಿದ್ದಿ? ತೊಟ್ಟಲದಾಗೂ ಮಲಗಲಿಲ್ರಿ ಅಂವ! ತೂಗಿ ತೂಗಿ ನಾನೇ ಮಲಗತಿದ್ದೆ.”

ಅಧಿಕಾರಿ ನಕ್ಕಳು. “ಆ ದಿನ ಮಲಗಿದ್ದರು, ಅದಕ್ಕೇ ಮೀನು ದೋಣಿ ಲಂಗರು ಹಾಕಿದ್ದು ಕಾಣಲಿಲ್ಲ ಅಂತಾರಲ್ಲ?”

ಭಾಗ್ಯಜ್ಯೋತಿಯ ಮುಖ ಬಿಸಿಯಾಯಿತು. “ಯಾರ್ರಿ ಅನ್ನೋರು? ಅವರು ಎಚ್ಚರನೇ ಇದ್ರು. ಆ ದೋಣಿ ಇಂಜಿನ್ ಕೆಟ್ಟಿತ್ತು, ಗಾಳಿ ಬಂಡೆಗಲ್ಲಿನ ಕಡೆ ತಳ್ಳಾಕತ್ತಿತ್ತು. ಒಳಗ ಐದು ಮಂದಿ. ‘ಲಂಗರ ಬಿಡ್ರಿ, ಮುಂದಿಂದು ನಾ ನೋಡ್ಕೋತೇನಿ’ ಅಂತ ಇವರೇ ಕೂಗಿ ಹೇಳ್ಯಾರ. ದಂಡಿಗೆ ಬಂದ ಕೂಡ್ಲೆ ನನಗ ಫೋನ್ ಮಾಡಿ ಅತ್ತರು. ಭೀಮಾ ಹೊಳಿ ದಂಡಿಯವರ್ರಿ ನಾವು. ನೀರಾಗ ಮನಶ್ಯಾ ಇದ್ರ ಮದಲ ಮನಶ್ಯಾನ್ನ ನೋಡ್ತೇವಿ.”

ಹೇಳಿ ಮುಗಿಸಿ, ಶಭಾಷ್ ಅನ್ನಿಸಿಕೊಳ್ಳುವವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅಧಿಕಾರಿ ಮೊಬೈಲ್ ಎತ್ತಿ ರೆಕಾರ್ಡ್ ನಿಲ್ಲಿಸಿದಳು. ಶರಣಬಸಮ್ಮ ಜೀಪಿನ ಡ್ರೈವರನಿಗೆ ಚಹಾ ಕೊಡಲು ಹೊರಗೆ ಹೋಗುವವರೆಗೂ ಕಾದಳು.

“ಮಲಗಿದ್ದೆ ಅಂತ ಹೇಳಿಕೆ ಕೊಟ್ಟಿದ್ದು ಅವರೇ. ಆ ಐವರು ಬೆಸ್ತರೂ ಅದನ್ನೇ ಹೇಳಿದ್ದರು. ಮಲಗಿದ್ದರೆ ನೌಕರಿ ಹೋಗ್ತಿತ್ತು, ಮನೆಗೆ ಬರ್ತಿದ್ದರು. ಗೊತ್ತಿದ್ದೂ ಲಂಗರು ಹಾಕಿಸಿದರೆ ಜೈಲು. ಆ ಕೇಬಲ್ಲನ್ನ ದೇಶದ ಗಡಿ ಥರ ಕಾಯ್ತಾರಮ್ಮ.”

“ಅಳಿಸಿಬಿಡ್ರಿ, ಅಕ್ಕಾರ. ನಾ ಏನೂ ಹೇಳಿಲ್ಲ. ನನಗ ತಿಳೀಲಿಲ್ಲ.”

“ಆಗೋದಿಲ್ಲ.” ಅವಳ ದನಿ ಗಡುಸಾಗಿರಲಿಲ್ಲ. “ಆ ಕೇಬಲ್ ಒಂದು ದ್ವೀಪಕ್ಕೆ ಹೋಗ್ತಿತ್ತು. ಅಲ್ಲಿ ಹೆರಿಗೆ ಕಷ್ಟವಾದರೆ ದಡದ ಡಾಕ್ಟರು ಪರದೆಯಲ್ಲಿ ನೋಡಿ ನರ್ಸಿಗೆ ಹೇಳಿಕೊಡ್ತಿದ್ದರು. ಆ ದಿನ ಪರದೆ ಹತ್ತಲಿಲ್ಲ. ತಾಯಿ, ಮಗು ಇಬ್ಬರೂ ಹೋದರು. ಅವಳ ಗಂಡ ದಿನಾ ನಮ್ಮ ಕಚೇರಿ ಮುಂದೆ ಬಂದು ಕೂರ್ತಾನೆ.”

ಭಾಗ್ಯಜ್ಯೋತಿಗೆ ಆ ಹೆಂಗಸಿನ ಹೆಸರು ಕೇಳಬೇಕೆನಿಸಿತು. “ಇದು ನಮ್ಮ ಮನಿಯವರಿಗೆ ಗೊತ್ತೈತೇನ್ರಿ?”

“ಇನ್ನೂ ಇಲ್ಲ. ಕೋರ್ಟಿನಲ್ಲಿ ಗೊತ್ತಾಗುತ್ತೆ.”

ಜೀಪು ಅಫಜಲಪುರದ ದಾರಿ ಹಿಡಿಯಿತು. ತಟ್ಟೆಯಲ್ಲಿ ಸುಸಲಾ ಹಾಗೇ ಉಳಿದಿತ್ತು.

“ಚಲೋ ಹೇಳ್ದಿ ಬಿಡು,” ಎಂದು ಶರಣಬಸಮ್ಮ ಒಳಗೆ ಬಂದಳು. “ಹೆಂಗ ಕಿವಿಗೊಟ್ಟು ಕೇಳಿದ್ಳು! ಯಾವಾಗ ಬಿಡ್ತಾರಂತ?”

“ಹೇಳಿ ಕಳಸ್ತಾರಂತ್ರಿ, ಅತ್ತಿ.”

ಮುದುಕಿ ಆಗಲೇ ಮಗನ ಕೌದಿಯನ್ನು ನೀರಿಗೆ ಹಾಕಿ, ಜೋಳ ತುಂಬಿಡುವ ಹಗೇವಿನ ಮುಗ್ಗು ವಾಸನೆ ಬಂದಿದೆಯೆಂದು ಗೊಣಗುತ್ತ ಒಗೆಯತೊಡಗಿದಳು. ಒಗೆದಾದ ಮೇಲೆ ಹಿಂಡಲು ಕರೆದಳು. ಭಾಗ್ಯಜ್ಯೋತಿ ಹೋಗಿ ಇನ್ನೊಂದು ತುದಿ ಹಿಡಿದಳು. ನೀರು ಸೋರಿ ಕಾಲಡಿಯ ಮಣ್ಣು ಕೆಸರಾಯಿತು. “ಗಟ್ಟಿ ಹಿಂಡು ಬೇ, ಸಂಜಿಕಿಂತ ಮದಲ ಒಣಗಬೇಕು,” ಎಂದಳು ಅತ್ತೆ. ಅವಳು ಗಟ್ಟಿಯಾಗಿ ಹಿಂಡಿದಳು.