ಎಡಗಡೆ ಕೂತವಳು

ಮುನಿಸಿಕೊಂಡು ಕೊಂಡ್ಲಹಳ್ಳಿಯ ತವರು ಸೇರಿದ್ದ ಹೆಂಡತಿ ಸುನಿತಾಳನ್ನು ಕರೆತರಲು ಹೋದ ಪಾಲಾಕ್ಷ, ಬಸ್ಸಿಳಿದು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿದ. ಹಾಡಹಗಲು, ನೇರ ರಸ್ತೆ. ಹಾರನ್ ಹೊಡೆದರೂ ಅವನು ಇತ್ತ ತಿರುಗಲಿಲ್ಲ ಎಂದ ಡ್ರೈವರ್. ಕುಡಿದಿದ್ದ ಎಂದು ಜನ ತೀರ್ಪು ಕೊಟ್ಟೇಬಿಟ್ಟರು. ಹೆಣವನ್ನು ಚಳ್ಳಕೆರೆ ಆಸ್ಪತ್ರೆಗೆ ಪೋಸ್ಟ್‌ಮಾರ್ಟಮ್‌ಗೆ ಒಯ್ದರು.

ಹೊರಗೆ ಕೂತ ಸುನಿತಾಗೆ ಅಳುವಿಗಿಂತ ಸಿಟ್ಟೇ ಹೆಚ್ಚು. ಮೊಳಕಾಲ್ಮೂರಿನಲ್ಲಿ ಅವರದು ರೇಷ್ಮೆ ಸೀರೆಯ ಮಗ್ಗ. ದೊಡ್ಡ ಅಂಚಿನ ಸೀರೆಗೆ ಇಬ್ಬರು ಬೇಕು. ಮದುವೆಯಾದಾಗಿನಿಂದ ಅವಳು ಅವನ ಎಡಕ್ಕೆ ಕೂತು ಲಾಳಿ ಎಸೆದವಳು. ಯುಗಾದಿ ಕಳೆದ ಮೇಲೆ ಅವನು ಅವಳತ್ತ ನೋಡುವುದನ್ನೇ ಬಿಟ್ಟ. ಮುದ್ದೆ ಮುಗಿಸಿ, ತಟ್ಟೆಯ ಎಡಕ್ಕಿದ್ದ ಪಲ್ಯವನ್ನು ಮುಟ್ಟದೆ ಏಳುತ್ತಿದ್ದ. ಬಲಗಡೆ ಕಿಟಕಿಯಾಚೆ ಪಕ್ಕದ ಮನೆಯ ಗಂಗಾಂಬಿಕಾ ಹಾದುಹೋದರೆ ಮಾತ್ರ, "ಊಟ ಆತೇನಕ್ಕಾ" ಎಂದು ನಗುತ್ತಿದ್ದ. ಯಾವ ಹೆಂಡತಿಗೆ ಮೈ ಉರಿಯುವುದಿಲ್ಲ?

"ನಾನಿಲ್ಲಿ ಕುಂತಿರೋದು ಕಣ್ಣಿಗೆ ಕಾಣ್ತೈತೋ ಇಲ್ಲೋ?" ಎಂದು ಒಂದು ದಿನ ಮಗ್ಗದಲ್ಲಿ ಅವನ ಎಡಕ್ಕೆ ಕೂತಿದ್ದಾಗ ಕೇಳಿಯೇಬಿಟ್ಟಳು. ಅವನು ಬಲಕ್ಕೆ ತಿರುಗಿ ಅವಳನ್ನು ಹುಡುಕಿದ. ಅಣಕಿಸುತ್ತಿದ್ದಾನೆ ಎಂದುಕೊಂಡು ಅವತ್ತೇ ಬಸ್ಸು ಹತ್ತಿದ್ದಳು.

ಡಾಕ್ಟರಮ್ಮ ಹೊರಗೆ ಬಂದರು. "ಇವರಿಗೆ ತಲೆನೋವು, ಫಿಟ್ಸು ಏನಾದ್ರೂ ಇತ್ತಾ?"

"ಎಂಥದೂ ಇರಲಿಲ್ರಿ. ನನ್ನ ಕಂಡ್ರೆ ಆಗ್ತಿರಲಿಲ್ಲ, ಅಷ್ಟೇ."

"ಕುಡಿದಿರಲಿಲ್ಲಮ್ಮ. ಮಿದುಳಿನ ಬಲಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ತಲೆಗೆ ಬಿದ್ದ ಏಟು ನೋಡೋಕೆ ಹೋದ್ವಿ, ಇದು ಸಿಕ್ತು. ನಮಗೂ ಗಾಬರಿಯಾಯ್ತು. ಅಲ್ಲಿ ಗಡ್ಡೆ ಬೆಳೆದ್ರೆ ಕೆಲವರಿಗೆ ಎಡಗಡೆ ಅನ್ನೋದೇ ಇರಲ್ಲ. ಕಣ್ಣು ಚೆನ್ನಾಗಿದ್ರೂ ಆ ಕಡೆ ಏನಿದೆ, ಯಾರಿದಾರೆ ಅಂತ ಗಮನಕ್ಕೇ ಬರಲ್ಲ. ಲಾರಿ ಎಡದಿಂದಲೇ ಬಂತಲ್ವಾ?"

ಸುನಿತಾಗೆ ತಾನು ಬಸ್ಸು ಹತ್ತಿದ ದಿನ ನೆನಪಾಯಿತು. ಅವನು ಅವತ್ತು ಅಣಕಿಸಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಹೆಂಡತಿಯ ದನಿ ಕೇಳಿ, ಅವಳೆಲ್ಲಿ ಎಂದು ನಿಜಕ್ಕೂ ಹುಡುಕಿದ್ದ.

ಸಂಜೆ ಮನೆಯ ಮುಂದೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅತ್ತೆ ಸೂರಮ್ಮ ಮಗನ ಎಡಕ್ಕೆ ಜಾಗ ಬಿಟ್ಟು ಕರೆದಳು. "ಇಲ್ಲಿ ಕುಂದ್ರು ಬಾರವ್ವ. ಹೆಂಡ್ತಿ ಎಡಕ್ಕಲ್ಲೇನು ಕುಂದ್ರಾದು."

ಸುನಿತಾ ಸುತ್ತಿ ಬಂದು ಅವನ ಬಲಗಡೆ ಕೂತಳು.

"ಆ ಕಡೆ ಕುಂತ್ರೆ ಅವನಿಗೆ ನಾನು ಕಾಣಲ್ಲ ಅತ್ತೆ," ಎಂದಳು.