ಅಕ್ಕೋರ ಬಲಗೈ

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಕುಷ್ಟಗಿ ಕಡೆಯ ಆ ಹೈಸ್ಕೂಲಿನ ದೈಹಿಕ ಶಿಕ್ಷಕಿ ನೇತ್ರಾವತಿಗೆ ಜಾವೆಲಿನ್ ಕಲಿಸಲು ಉಳಿದದ್ದು ಬರೀ ಮಾತು. ಮಾತು ಸಾಲುತ್ತಿರಲಿಲ್ಲ. "ಮೊಣಕೈ ಕೆಳಗ ಬಿಡಬ್ಯಾಡ್ರೆ" ಎಂದರೆ ಹುಡುಗಿಯರು ಹೆಗಲು ಎತ್ತುತ್ತಿದ್ದರು. "ಅಂಗೈ ಮ್ಯಾಲ ಇರ್ಲಿ" ಎಂದರೆ ಮಣಿಕಟ್ಟು ತಿರುಚುತ್ತಿದ್ದರು. ಜಾವೆಲಿನ್ ಅಡ್ಡಡ್ಡ ಹೋಗಿ ನೆಲಕ್ಕೆ ಬಡಿಯುತ್ತಿತ್ತು.

ಅವತ್ತು ಬೆಳಿಗ್ಗೆ ನಾಹೀದಾ ಎಸೆದವಳೇ ಮೊಣಕೈ ಹಿಡಿದು ಕುಸಿದಳು. ಅವಳಷ್ಟು ಕಸುವಿನ ಹುಡುಗಿ ಆ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ.

"ಏನಾತವಾ?"

"ಒಳಗ ಸೂಜಿ ಚುಚ್ಚಿದಂಗಾತ್ರಿ ಅಕ್ಕೋರ."

ವರಾಂಡದಲ್ಲಿದ್ದ ಹೆಡ್‌ಮಾಸ್ತರ ಅಮರಪ್ಪ ಇಳಿದು ಬಂದರು. "ಸಾಕು ಮಾಡ್ರಿ ನೇತ್ರಾವತಿ ಅವ್ರ. ಖೋಖೋ ಆಡಸ್ರಿ. ಮಂದಿ ಮಕ್ಕಳ ಕೈ ಹೋದ್ರ ಯಾರ್ ಉತ್ತರ ಕೊಡ್ಬೇಕು?" ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದನ್ನೇ ನೇತ್ರಾವತಿಗೆ ತಾಳಲಾಗಲಿಲ್ಲ.

"ತಾಲೂಕು ಕ್ರೀಡಾಕೂಟದ ತನಕ ಬಿಡ್ರಿ ಸರ, ಕೈ ಮುಗೀತೀನಿ" ಎಂದಳು. ಮುಗಿಯಲು ಎರಡನೆಯ ಕೈ ಏಳಲಿಲ್ಲ. ಅಮರಪ್ಪ ಮುಖ ತಿರುಗಿಸಿಕೊಂಡು ಹೋದರು.

ನೇತ್ರಾವತಿ ಎಡಗೈಯಿಂದ ಬಲಗೈ ಎತ್ತಿ ಹಿಡಿದಳು. "ನೋಡ್ರೆ, ಹಿಂಗ..." ಬಿಟ್ಟ ಕೂಡಲೇ ಅದು ತೊಪ್ಪನೆ ತೊಡೆಗೆ ಬಡಿಯಿತು. ಮತ್ತೆ ಎತ್ತಿದಳು. ಮತ್ತೆ ಬಿತ್ತು. ಹುಡುಗಿಯರು ನೆಲ ನೋಡುತ್ತ ನಿಂತರು.

ನಾಹೀದಾ ಎದ್ದು ಬಂದು, ನೋವಿಲ್ಲದ ಕೈಯಿಂದ ನೇತ್ರಾವತಿಯ ಬಲ ಮಣಿಕಟ್ಟು ಹಿಡಿದಳು. "ನಾ ಹಿಡೀತೀನ್ರಿ. ಎಲ್ಲಿಗೆ ಒಯ್ಲಿ, ಹೇಳ್ರಿ."

"ಮ್ಯಾಲ... ಇನ್ನೂ ಮ್ಯಾಲ. ಭವಾನಿ, ನೀ ಮೊಣಕೈ ದೂಡು. ಅದು ಮೊದ್ಲ ಮುಂದ ಬರಬೇಕು, ಕೈ ಆಮ್ಯಾಲ."

ಹುಡುಗಿಯರಿಬ್ಬರೂ ಸೇರಿ ಆ ಸತ್ತ ತೋಳನ್ನು ಅವಳ ಕಿವಿಯ ಪಕ್ಕದಿಂದ ಮುಂದಕ್ಕೆ ತಂದರು. ನೇತ್ರಾವತಿಗೆ ಹೆಗಲಿನಲ್ಲಿ ಜೀವ ಹೋಗುವಂಥ ನೋವಾಯಿತು. ಹಲ್ಲು ಕಚ್ಚಿ, "ಇನ್ನೊಮ್ಮೆ" ಎಂದಳು.

"ಅಯ್ಯ, ನಾ ಬಗಲಾಗಿಂದ ಬೀಸತಿದ್ದೆನಲ್ರಿ, ಅದಕ್ಕ ಮೊಣಕೈ ಚುಚ್ಚಿತು!" ಎಂದಳು ನಾಹೀದಾ.

ತಿಳಿದದ್ದು ತಡವಾಗಿತ್ತು. ನಾಹೀದಾ ಈ ವರ್ಷ ಎಸೆಯಲೇಬಾರದು ಎಂದರು ಡಾಕ್ಟರು. ಕೂಟಕ್ಕೆ ಭವಾನಿಯೊಬ್ಬಳೇ ಹೋದಳು, ಎಲ್ಲರಿಗಿಂತ ಕೊನೆಗೆ ಬಂದಳು. ಮರಳುವ ಬಸ್ಸಿನಲ್ಲಿ ನೇತ್ರಾವತಿ ಕಿಟಕಿಗೆ ಮುಖ ಮಾಡಿ ಕೂತುಬಿಟ್ಟಳು.

"ಅಕ್ಕೋರ," ಭವಾನಿ ಮೆಲ್ಲಗೆ ಅಂದಳು, "ಮೂರೂ ಸಲ ಜಾವೆಲಿನ್ ಚೂಪು ಮೊದ್ಲ ನೆಲಕ್ಕ ನಟ್ಟಿತಲ್ರಿ."

"ಹೌದವಾ" ಎಂದಳು ನೇತ್ರಾವತಿ. ಕಿಟಕಿ ಬಿಟ್ಟು ಅವಳತ್ತ ತಿರುಗಿದಳು.