ಸ್ನಾನದ ಟಬ್ಬಿನಲ್ಲಿ ಸಿಕ್ಕ ಸುಳಿ

ಹರಿಯುವ ನೀರಿಗೆ ದೊಣ್ಣೆನಾಯಕನ ಸಮೀಕರಣ ಬೇಕೇ ಎಂದು ಹಿರಿಯರು ಕೇಳಿದ್ದಾರೆ. ಹಾಗೆ ಕೇಳಿಲ್ಲ ಎನ್ನುವವರು ಒಮಾನಿನ ಅಲ್ ಗುಬ್ರಾದಲ್ಲಿದ್ದ ನಮ್ಮ ಆಫೀಸು ನೋಡಿಲ್ಲ. ಮುಂದಿನದೆಲ್ಲ ನಿಜ. ಸುಳ್ಳು ಹೇಳುವುದಾಗಿದ್ದರೆ ನನ್ನನ್ನು ಇಷ್ಟು ಪೆದ್ದನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ.

ಎಣ್ಣೆ ಬೆಲೆ ಪಾತಾಳ ಕಂಡ 2016. ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ನಮ್ಮ ವಿಭಾಗದಲ್ಲಿ ಉಳಿದಿದ್ದವರು ಇಬ್ಬರೇ: ಉಡುಪಿಯ ಹರ್ಷಿತನಾದ ನಾನು, ಬಾಗಲಕೋಟೆಯ ಈರೇಶ. ಗುರುವಾರದ ಮೀಟಿಂಗ್ ಆದಮೇಲೆ ಒಬ್ಬನೇ ಎಂದು ನಮ್ಮ ಮ್ಯಾನೇಜರ್, ಮಂಗಳೂರಿನ ಎಲಿಜಬೆತ್ ಮೇಡಂ ಹೇಳಿಯಾಗಿತ್ತು.

ಸುವೈಕ್ ಕಡೆಯ ಒಂದು ಮೀನಿನ ಕಾರ್ಖಾನೆಗೆ ಕಾಲುವೆಯಲ್ಲಿ ಸಮುದ್ರದ ನೀರು ಬರುತ್ತಿತ್ತು. ಪಂಪು ಗಡಗಡ ನಡುಗುತ್ತಿತ್ತು. ಕಾರಣ ನಾವು ಹುಡುಕಬೇಕು. ಪಂಪಿನ ಮುಂದೆ, ಕಾಲುವೆಯ ನಡುವೆ ಒಂದು ಕಂಬ. ನಾನು ಸರಾಸರಿ ಹರಿವಿನ ಮಾದರಿ ಹಾಕಿ ಒಂದೇ ದಿನದಲ್ಲಿ ಕೆಂಪು-ನೀಲಿ ಚಿತ್ರ ತೆಗೆದೆ. ನೀರು ಇಸ್ತ್ರಿ ಮಾಡಿದ ಪಂಚೆಯ ಹಾಗೆ ನುಣ್ಣಗಿತ್ತು. ಈರೇಶ ಕ್ಷಣಕ್ಷಣದ ಲೆಕ್ಕಕ್ಕೆ ಹೊರಟಿದ್ದ. ಹನ್ನೊಂದು ದಿನವಾದರೂ ಅವನ ಕಂಪ್ಯೂಟರು ಕಾಲು ದಾರಿಯೂ ದಾಟಿರಲಿಲ್ಲ.

"ಲೇ ಹರ್ಷಿತ್ಯಾ, ಕಂಬದ ಹಿಂದ ಸುಳಿ ಏಳತೈತಲೇ. ನಿನ್ನ ಚಿತ್ರದಾಗ ಎಲ್ಲೈತಿ?"

"ನಿನ್ನ ಚಿತ್ರವೇ ಎಲ್ಲುಂಟು ಮಾರಾಯಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ ಗಂಟಲು ನನ್ನದು. ಬುಧವಾರ ಇಂಟರ್‌ಕಾಮ್ ಎತ್ತಿ, ಮೂಗು ಹಿಡಿದು, ಮೇಡಂ ಆದೆ.

"ಈರೇಶ್, ಚಿತ್ರ ಆಗ್ಲಿಲ್ಲಾಂದ್ರೆ ಬೇಡ. ನಾಳೆ ಒಂದು ಟಬ್ ತನ್ನಿ, ನೀರು ಹಾಕಿ ತೋರ್ಸಿ. ಪ್ಲೀಸ್, ಆಯ್ತಾ?"

ಗೋಡೆಯಾಚೆಯ ಕೋಣೆಯಿಂದ ಈರೇಶನ ದನಿ ಬಂತು: "ಆತ್ರಿ ಮೇಡಂ."

ಗುರುವಾರ ಕಾರ್ಖಾನೆಯವರೂ ಕೂತಿದ್ದ ಮೀಟಿಂಗಿಗೆ ಅವನು ಮಗಳ ಗುಲಾಬಿ ಟಬ್ ಹೊತ್ತು ಬಂದ. ಅದರ ಮೇಲೆ ಬಾತುಕೋಳಿಯ ಚಿತ್ರ. ನಾನು ಕರ್ಚೀಫು ಕಚ್ಚಿಕೊಂಡೆ.

"ಇದೆಂತ ಈರೇಶ್?" ಮೇಡಂ ಹುಬ್ಬೇರಿಸಿದರು.

"ಒಂದ ನಿಮಿಷ ನೋಡ್ರಿ."

ನೀರಿನ ಮೇಲೆ ಅರಿಶಿಣ ಉದುರಿಸಿದ. ಸುಲೈಮಾನಿ ಚಹಾ ಕುಡಿಯುವ ಗಾಜಿನ ಲೋಟವನ್ನು ಕಂಬದಂತೆ ಅದ್ದಿ ಮೆಲ್ಲಗೆ ಎಳೆದ. ಲೋಟದ ಹಿಂದೆ ಹಳದಿ ಸುಳಿಗಳೆದ್ದವು: ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೆ.

ಕಾರ್ಖಾನೆಯ ಒಮಾನಿ ಇಂಜಿನಿಯರ್ ಕುರ್ಚಿಯಿಂದೆದ್ದ. "ಬಸ್, ಯಹೀ ಹೈ!" ಎಂದ, ನಮ್ಮವರಿಂದ ಕಲಿತ ಹಿಂದಿಯಲ್ಲಿ. ಪಂಪಿನ ಬಾಯಿಯ ಬಳಿ ದಿನವೂ ಇದನ್ನೇ ನೋಡುತ್ತಿದ್ದನಂತೆ. ಆಮೇಲೆ ನನ್ನ ನುಣ್ಣನೆಯ ಚಿತ್ರದ ಕಡೆ ತಿರುಗಿ, ಇದರಲ್ಲಿ ಎಲ್ಲಿ ಎಂದು ಕೇಳಿದ. ಎಡಸುಳಿ, ಬಲಸುಳಿ ಕೂಡಿಸಿ ಸರಾಸರಿ ತೆಗೆದರೆ ಸುಳಿಯೇ ಉಳಿಯುವುದಿಲ್ಲ ಎಂಬುದು ನನ್ನ ಎಂ.ಟೆಕ್ ತಲೆಗೆ ಹೊಳೆದದ್ದು ಆಗಲೇ.

"ಉಳಿಯುವುದು ಈರೇಶ್," ಎಂದರು ಮೇಡಂ.

ನಾನು ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಈರೇಶ ಬಂದ. ತಪ್ಪೊಪ್ಪಿಕೊಳ್ಳೋಣ ಎನಿಸಿತು. "ಈರೇಶಾ, ನಿನ್ನೆಯ ಆ ಫೋನು..."

"ಗೊತ್ತೈತಿ ಬಿಡೋ. ಫೋನಿನ್ಯಾಗ ನಿನ್ನ ನಂಬರೇ ಬಂದಿತ್ತು. ಅದೂ ಅಲ್ದ, ಮೇಡಂ ಯಾವಾಗ ಪ್ಲೀಸ್ ಅಂದಾರ?"

"ಮತ್ತೆ ಟಬ್ ಯಾಕೆ ತಂದದ್ದು?"

"ಒಂದ ವಾರದಿಂದ ಮನ್ಯಾಗ ಅದನ್ನ ಮಾಡಿ ನೋಡಾಕತ್ತಿದ್ದೆ. ಆಫೀಸಿಗೆ ತರಾಕ ನಾಚಿಕಿ. ಕೆಟ್ರ ನಿನ್ನ ಹೆಸರು ಹೇಳಿದ್ರಾತು ಅಂತ ತಂದೆ." ನನ್ನ ಡ್ರಾಯರನ್ನು ಕಾಲಿಂದ ಒಳಗೆ ತಳ್ಳಿದ. "ಲೆಕ್ಕ ಮುಗಿಯಾಕ ಇನ್ನ ಮೂರ ತಿಂಗಳ ಬೇಕು, ಜೋಡಿಗೆ ಒಬ್ಬಾವ ಬೇಕು ಅಂದೆ. ಮೇಡಂ ಹೂಂ ಅಂದ್ರು."

"ನಾನು ಎಂತ ಮಾಡ್ಬೇಕು?"

"ಟಬ್ ಹೊರಬೇಕು!"

ಹಾಗೆಂದು ಅವನು ನಕ್ಕ ನಗೆಗೆ ಎಲಿಜಬೆತ್ ಮೇಡಂ ಬಾಗಿಲು ತೆರೆದು ಬಂದರು. ಅವರನ್ನು ನೋಡಿ ನಾನು ಅವರ ದನಿ ಕದ್ದ ಮೂಗನ್ನು ಕೈಯಿಂದ ಮುಚ್ಚಿಕೊಂಡೆ. ಈರೇಶ ಹೊಟ್ಟೆ ಹಿಡಿದು ನೆಲಕ್ಕೇ ಕೂತ.